ಖಾಲಿ ವಾರದ ಮಾತು

ನಮ್ಮೂರಿನಲ್ಲಿ ಗಂಡಸೊಬ್ಬ ಬಂದು ನಿಮ್ಮನ್ನು ಮದುವೆಯಾಗುತ್ತೇನೆ ಎಂದರೆ, ಹೆಣ್ಣಾದವಳು ಮೊದಲು ಕೇಳಬೇಕಾದದ್ದು ಅವನ ಮನೆತನವನ್ನಲ್ಲ, ನೌಕರಿಯನ್ನೂ ಅಲ್ಲ; ಈ ವಾರ ಮೇಳದ ಮನೆಯಲ್ಲಿ ಯಾವ ಮೇಳ ನಡೆದಿದೆ ಎಂದು. ಹಾಗೆ ಕೇಳಿ ಕೇಳಿಯೇ ನನಗೆ ಮೂವತ್ತೇಳು ದಾಟಿತು. ನನ್ನ ಹೆಸರು ದಾಕ್ಷಾಯಣಿ. ಮೇಳದ ಮನೆಯ ಹಿಂದಿನ ಗೇಟಿನ ಎದುರಿಗೆ ನಮ್ಮ ಖಾನಾವಳಿ ಇದೆ. ರೊಟ್ಟಿ ಬಡಿಯುವವಳು ನಾನು, ಊಟಕ್ಕೆ ಬಡಿಸುವವಳೂ ನಾನು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಬಂದವರ ತಪ್ಪು ಹುಡುಕುವ ಕೆಲಸ ನನ್ನ ಸೋದರತ್ತೆ ಗುರುಬಸವ್ವನದು.

ಮೇಳದ ಮನೆ ಎಂದರೆ ಸಣ್ಣ ಕಟ್ಟಡವಲ್ಲ. ಹಿಂದೊಮ್ಮೆ ನಮ್ಮ ಪುರಸಭೆಯ ಅಧ್ಯಕ್ಷರು ಇಟಲಿಗೆ ಹೋಗಿದ್ದರು. ಅಲ್ಲಿನ ಒಂದು ಪಟ್ಟಣದಲ್ಲಿ ವರ್ಷವಿಡೀ ವ್ಯಾಪಾರ ಮೇಳಗಳೂ ಸಮ್ಮೇಳನಗಳೂ ನಡೆಯುವ ದೊಡ್ಡ ಕೇಂದ್ರವೊಂದನ್ನು ನೋಡಿ ಮರುಳಾಗಿ, ಅದರ ನಕ್ಷೆಯನ್ನೇ ತಂದು ಟೇಬಲ್ಲಿನ ಮೇಲೆ ಹರಡಿ, ಇದರಲ್ಲಿ ಒಂದು ಗೆರೆಯೂ ಕಡಿಮೆಯಾಗಬಾರದು ಎಂದರು. ಆಗ ನಮ್ಮೂರಿಗೆ ಸರಿಯಾದ ಬಸ್ ನಿಲ್ದಾಣವೂ ಇರಲಿಲ್ಲ. ಆದರೂ ಒಂದು ಗೆರೆಯೂ ಕಡಿಮೆಯಾಗಲಿಲ್ಲ. ಸಾಲು ಸಾಲು ದೊಡ್ಡ ಹಾಲ್‌ಗಳು, ಗಾಜಿನ ಸೂರು, ನಡುವೆ ಕಾರಂಜಿ, ಮಹಡಿಯ ಮೇಲೆ ಸಮ್ಮೇಳನದ ಸಭಾಂಗಣ, ಸುಮ್ಮನೆ ನಿಂತರೆ ತಾನೇ ಮುಂದಕ್ಕೆ ಒಯ್ಯುವ ಪಟ್ಟಿ, ಎಲ್ಲವೂ ಎದ್ದವು. ನಕ್ಷೆಯಲ್ಲಿ ಬಾಗಿಲು ಬಾಗಿಲಿನ ಮೇಲೂ ಅವರ ಭಾಷೆಯಲ್ಲಿ 'ಉಷೀತಾ' ಎಂದಿತ್ತು, ಅದನ್ನೂ ಹಾಗೇ ಬರೆಸಿದರು. ಯಾರೋ ದಾನಿಯ ಹೆಂಡತಿ ಇರಬೇಕೆಂದು ಜನ ತಿಳಿದರು. ಹೆಸರು ಚೆಂದ ಕಂಡು ಹೆಣ್ಣುಮಕ್ಕಳಿಗೂ ಇಟ್ಟರು. ಆಮೇಲೆ ಅಮೃತಶಿಲೆಯ ಮೇಳಕ್ಕೆ ಬಂದ ಇಟಲಿಯವನೊಬ್ಬ, ಹಾಗೆಂದರೆ ಹೊರಗೆ ಹೋಗುವ ದಾರಿ ಎಂದು ತಿಳಿಸಿ ಹೋದ. ಅಷ್ಟರಲ್ಲಿ ನಮ್ಮ ಓಣಿಯ ಉಷೀತಾ ಹೈಸ್ಕೂಲಿಗೆ ಹೋಗುತ್ತಿದ್ದಳು.

ಒಳಗೆ ಯಾವ ಮೇಳ ಇರುತ್ತದೋ ಅದು ಕಾಂಪೌಂಡ್ ದಾಟಿ ಊರಿಗೂ ಬರುತ್ತದೆ. ಮೊದಲ ಲಾರಿ ಗೇಟಿನೊಳಗೆ ಹೊಕ್ಕ ಗಳಿಗೆಯಿಂದ ಕೊನೆಯ ಲಾರಿ ಹೊರಬೀಳುವ ತನಕ ಊರಿನ ತಲೆಯಲ್ಲಿ ಅದೇ. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಮೇಳದ ವಾರ ನನ್ನ ಕೈಯಿಂದ ರೊಟ್ಟಿ ಚೌಕಾಕಾರವಾಗಿಯೇ ಬರುತ್ತಿತ್ತು. ತಾಟಿನಲ್ಲಿ ಎರಡು ರೊಟ್ಟಿಯ ನಡುವೆ ಸಂದು ಸಮ ಬಿಟ್ಟು ಜೋಡಿಸಿದ ಹೊರತು ನನಗೆ ಸಮಾಧಾನವಿರುತ್ತಿರಲಿಲ್ಲ. ಹೊಲಿಗೆ ಯಂತ್ರಗಳ ಮೇಳದಲ್ಲಿ ನಮ್ಮ ಸರ್ಕಾರಿ ಡಾಕ್ಟರರು ಒಬ್ಬನ ಹೊಟ್ಟೆ ಆಪರೇಷನ್ ಮಾಡಿ, ಮುಚ್ಚುವಾಗ ಕಸೂತಿಯಲ್ಲಿ ಗೋಪುರ ತೆಗೆದಿದ್ದರು. ಅವನು ಈಗಲೂ ಅಂಗಿ ಎತ್ತಿ ತೋರಿಸುತ್ತಾನೆ. ಮಹಡಿಯ ಮೇಲೆ ಸಮ್ಮೇಳನವಿದ್ದರೆ ಇನ್ನೂ ಕಷ್ಟ. ಆ ವಾರ ಅತ್ತೆ ಚಟ್ನಿಗೆ ಉಪ್ಪು ಕಡಿಮೆಯಾದದ್ದನ್ನು ಪರಿಶೀಲಿಸಲು ಉಪಸಮಿತಿ ಮಾಡುತ್ತಾಳೆ, ಕೊನೆಗೆ ನನಗೆ ವಂದನಾರ್ಪಣೆಯನ್ನೂ ಮಾಡುತ್ತಾಳೆ.

ಇದಕ್ಕೆಲ್ಲ ನಾವು ಹೊಂದಿಕೊಂಡಿದ್ದೇವೆ. ಒಂದು ಕಟ್ಟುಪಾಡು ಮಾತ್ರ ಬಿಗಿಯಾಗಿದೆ: ಮೇಳದ ವಾರ ಆಡಿದ ಮಾತು ಲೆಕ್ಕಕ್ಕಿಲ್ಲ. ದೋಣಿಗಳ ಮೇಳ ನಡೆದಾಗ, ಹೊಳೆಯೇ ಇಲ್ಲದ ನಮ್ಮೂರಿನಲ್ಲಿ, ಪಡಸಾಲಿ ಮನೆತನದ ಯಜಮಾನ ಹೊಲ ಕೊಟ್ಟು ಬದಲಿಗೆ ದೋಣಿ ತಂದ. ಮೇಳ ಮುಗಿದ ಮೇಲೆ ಅಂಗಳದಲ್ಲಿ ಅದರೊಳಗೆ ಕೂತು ಅತ್ತ. ಈಗ ಅದರಲ್ಲಿ ಕೋಳಿಗಳು ಮಲಗುತ್ತವೆ. ಅಂದಿನಿಂದ ಹಿರಿಯರು ಕೂಡಿ ಹೀಗೆ ನಿಶ್ಚಯಿಸಿದರು. ಕೊಡುವ ಮಾತು, ಬಿಡುವ ಮಾತು, ಮದುವೆಯ ಮಾತು ಏನಿದ್ದರೂ ಒಳಗೆ ಯಾವ ಮೇಳವೂ ಇಲ್ಲದ ಖಾಲಿ ವಾರದಲ್ಲಿ ಆಡಬೇಕು. ಆ ಹಿರಿಯರಲ್ಲಿ ಈಗ ಉಳಿದಿರುವವಳು ನಮ್ಮತ್ತೆ ಒಬ್ಬಳೇ, ಅದಕ್ಕೇ ಕಟ್ಟುಪಾಡು ಇನ್ನಷ್ಟು ಬಿಗಿಯಾಗಿದೆ.

ನನ್ನನ್ನು ನೋಡಲು ಬಂದ ಗಂಡುಗಳೆಲ್ಲ ಮೇಳದ ವಾರಗಳಲ್ಲೇ ಬಂದವು. ಹಾಸಿಗೆ ಮೇಳದಲ್ಲಿ ಬಂದ ಬೀಗರು ಅವಲಕ್ಕಿ ತಿಂದು ಅಲ್ಲೇ ಉರುಳಿಕೊಂಡು ಗೊರಕೆ ಹೊಡೆದರು. ತಕ್ಕಡಿ ಮೇಳದಲ್ಲಿ ಬಂದವನು ನನ್ನನ್ನು ಎತ್ತಿ ನೋಡಬಹುದೇ ಎಂದು ಕೇಳಿದ. ಅವನನ್ನು ನಾನು ಲಟ್ಟಣಿಗೆ ಹಿಡಿದು ಬೀದಿಯ ತುದಿಯವರೆಗೂ ಕಳಿಸಿಬಂದೆ.

ಇವರೆಲ್ಲ ಹೋಗಲಿ. ನನ್ನ ಮನಸ್ಸು ನಿಂತದ್ದು ಚನ್ನವೀರನ ಮೇಲೆ. ಅವನು ಮೇಳದ ಮನೆಯಲ್ಲಿ ಕಾರ್ಪೆಟ್ ಹಾಸುವವನು. ಮೇಳ ಶುರುವಾಗುವ ಮುನ್ನ ಹಾಲ್‌ನ ಉದ್ದಗಲಕ್ಕೂ ಹಾಸುವುದು, ಮುಗಿದ ದಿನ ಕಿತ್ತು ಸುತ್ತಿ ಎಸೆಯುವುದು. ಕೀಳಲು ಅನುಕೂಲವಾಗಲೆಂದು ಕೆಳಗೆ ಎರಡೂ ಕಡೆ ಹಿಡಿಯುವ ಟೇಪು ಮಾತ್ರ ಅಂಟಿಸುತ್ತಾರೆ. ಅವನು ಹಾಸಿದ ಯಾವ ಕಾರ್ಪೆಟ್ಟೂ ಒಂದು ವಾರ ದಾಟಿದ್ದಿಲ್ಲ. ದಿನಾ ಮಧ್ಯಾಹ್ನ ನಮ್ಮಲ್ಲಿಗೆ ಊಟಕ್ಕೆ ಬರುತ್ತಾನೆ, ಮೂಲೆಯ ಟೇಬಲ್ಲಿಗೆ ಕೂರುತ್ತಾನೆ, ಎದ್ದು ಹೋಗುವಾಗ ಕುರ್ಚಿಯನ್ನು ಸರಿಯಾಗಿ ಒಳಗೆ ತಳ್ಳಿ ಹೋಗುತ್ತಾನೆ. ನಮ್ಮೂರಿನಲ್ಲಿ ಕುರ್ಚಿ ಒಳಗೆ ತಳ್ಳುವ ಗಂಡಸು ಇನ್ನೊಬ್ಬನಿಲ್ಲ.

ದಿನವಿಡೀ ಹಾಲ್‌ನೊಳಗೇ ಇರುವುದರಿಂದ ಚನ್ನವೀರನಿಗೆ ಮೇಳ ನಮಗಿಂತ ಹೆಚ್ಚು ಹತ್ತುತ್ತದೆ. ಸಿಮೆಂಟಿನ ವಾರದಲ್ಲಿ ಅವನಿಗೆ ಮಜ್ಜಿಗೆ ಬೇಕೆಂದರೂ, "ಸ್ವಲ್ಪ ತೆಳ್ಳಗ ಕಲಸಿ ಹಾಕ್ರಿ, ಗಟ್ಟಿಯಾದ್ರ ಪ್ಲಾಸ್ಟರ್ ಕೂಡೂದಿಲ್ಲ" ಎನ್ನುತ್ತಿದ್ದ. ಅದೇ ವಾರ ತಾಟಿನ ಮುಂದೆ ಕೂತು ನನ್ನ ಮುಖ ನೋಡಿ ಹೇಳಿದ: "ನಾವಿಬ್ರೂ ಕೂಡಿದ್ರ ಜಲ್ಮಪೂರ್ತಿ ಬಿರುಕು ಬಿಡೂದಿಲ್ರಿ. ಮೊದಲ ಒಂದೆರಡು ವಾರ ನೀರು ಹೊಡೀಬೇಕು, ಅಷ್ಟ."

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಬಾಗಿಲ ಬಳಿಯಿಂದ ಅತ್ತೆಯ ದನಿ ಬಂತು. "ಸಿಮೆಂಟಿನ ವಾರ. ಲೆಕ್ಕಕ್ಕಿಲ್ಲ."

ಹೀಗೆ ಅವನು ಬೀಗಗಳ ಮೇಳದಲ್ಲಿ ಕೇಳಿದ, ಬೇಕರಿ ಒಲೆಗಳ ಮೇಳದಲ್ಲಿ ಕೇಳಿದ. ಕನ್ನಡಕಗಳ ಮೇಳದಲ್ಲಿ ಕೇಳಿದ್ದನ್ನು ನಾನು ಇಂದಿಗೂ ಮರೆತಿಲ್ಲ. "ನಿಮ್ಮನ್ನ ಸನೇದಿಂದ ನೋಡಿದ್ರೂ, ದೂರದಿಂದ ನೋಡಿದ್ರೂ ಒಂದ ನಮೂನಿ ಕಾಣ್ತೀರಿ" ಎಂದ. ಅತ್ತೆ ಎಂದಿನಂತೆ ಲೆಕ್ಕಕ್ಕಿಲ್ಲ ಎಂದಳು. ನಾನು ಹಿಟ್ಟಿನ ಡಬ್ಬಿ ತರುವ ನೆಪದಲ್ಲಿ ಒಳಗೆ ಹೋಗಿ ಕಣ್ಣೀರು ಹಾಕಿದೆ. ಇಷ್ಟು ಒಳ್ಳೆಯ ಮಾತನ್ನು ಗಾಜಿನ ವ್ಯಾಪಾರಿಗಳಿಗೆ ಬಿಟ್ಟುಕೊಡಬೇಕಲ್ಲ ಎಂದು ಸಂಕಟವಾಯಿತು.

ಖಾಲಿ ವಾರದಲ್ಲಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಅಲ್ಲೇ ಇರುವುದು ತೊಂದರೆ. ಮೇಳವಿಲ್ಲದಿದ್ದರೆ ಚನ್ನವೀರನಿಗೆ ಬಾಯಿಯೇ ಇಲ್ಲ. ಬರುತ್ತಾನೆ, ಕೂರುತ್ತಾನೆ, ನಾನು ಹಾಕಿದ್ದನ್ನು ತಿನ್ನುತ್ತಾನೆ, ಕೊನೆಗೆ "ಮಜ್ಜಿಗಿ" ಎನ್ನುತ್ತಾನೆ. ಆ ಒಂದು ಪದ ಹೇಳುವಾಗಲೇ ಕಿವಿ ಕೆಂಪಗಾಗಿರುತ್ತವೆ. ಕುಡಿದು, ಕುರ್ಚಿ ಒಳಗೆ ತಳ್ಳಿ ಹೋಗುತ್ತಾನೆ. ಹೀಗೆ ಎಷ್ಟು ಖಾಲಿ ವಾರಗಳು ಮಜ್ಜಿಗೆಯಲ್ಲಿ ಹೋದವೋ ನಾನು ಎಣಿಸಲಿಲ್ಲ.

ಹೋಗಲಿ, ಮುಂದಿನ ಖಾಲಿ ವಾರ ಇದ್ದೇ ಇದೆ ಎಂದು ಕಾಯುತ್ತಿದ್ದೆ. ಅಷ್ಟರಲ್ಲಿ ಮೇಳದ ಮನೆಯ ಮ್ಯಾನೇಜರು ಗೇಟಿಗೆ ಒಂದು ಬೋರ್ಡ್ ಹಾಕಿಸಿದರು. ಬೇಡಿಕೆ ಬಹಳ ಬಂದಿದೆ, ಇನ್ನು ಮುಂದೆ ವರ್ಷದ ಯಾವ ವಾರವೂ ಖಾಲಿ ಇರುವುದಿಲ್ಲ, ಸಾರ್ವಜನಿಕರು ಸಂತೋಷಪಡಬೇಕು ಎಂದು ಅದರಲ್ಲಿತ್ತು. ದೀಪಾವಳಿಯ ನಂತರದ ವಾರವೇ ಕೊನೆಯ ಖಾಲಿ ವಾರ. ಅದು ಮುಗಿದ ಭಾನುವಾರ ಸಂಜೆ ಪಂಪ್‌ಸೆಟ್ ಮೇಳದ ಲಾರಿಗಳು ಬರುತ್ತವೆ, ಅಲ್ಲಿಂದಾಚೆಗೆ ಒಂದರ ಬೆನ್ನಿಗೆ ಇನ್ನೊಂದು.

ಆ ವಾರ ನಮ್ಮೂರು ಇದ್ದ ರೀತಿಯನ್ನು ನೀವು ನೋಡಬೇಕಿತ್ತು. ಜೀವಮಾನಕ್ಕೆ ಬೇಕಾದ ನಿಜವಾದ ಮಾತನ್ನೆಲ್ಲ ಜನ ಆರೇಳು ದಿನಗಳಲ್ಲಿ ಆಡಿ ಮುಗಿಸಲು ಓಡಾಡುತ್ತಿದ್ದರು. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಕೂಡಿದರು, ಕೂಡಿದ್ದವರು ಕೆಲವರು ಜಗಳಾಡಿ ಬೇರೆಯಾದರು. ಗಣಿತದ ಮೇಷ್ಟ್ರು ತಮಗೆ ಗಣಿತ ಎಂದೂ ಹಿಡಿಸಿರಲಿಲ್ಲ ಎಂದು ಶಾಲೆಯ ಅಂಗಳದಲ್ಲಿ ನಿಂತು ಹೇಳಿದರು. ಮದುವೆಗಳಂತೂ ಒಂದೇ ಛತ್ರದಲ್ಲಿ ಪಾಳಿ ಹಚ್ಚಿ ನಡೆದವು. ನಮ್ಮ ಓಣಿಯ ಒಬ್ಬರು ಅಕ್ಷತೆಯನ್ನು ಬೇರೆ ಯಾರದೋ ಜೋಡಿಯ ಮೇಲೆ ಹಾಕಿ ಬಂದರು.

ಚನ್ನವೀರ ಸೋಮವಾರ ಬಂದ. ಮಜ್ಜಿಗೆ ಎಂದ, ಹೋದ. ಮಂಗಳವಾರವೂ ಹಾಗೇ. ಬುಧವಾರ ನಾನು ಪಲ್ಯಕ್ಕೆ ಉಪ್ಪೇ ಹಾಕಲಿಲ್ಲ, ಉಪ್ಪು ಎಂದಾದರೂ ಕೇಳಲಿ, ಅಲ್ಲಿಂದ ಮಾತು ಮುಂದುವರಿಯಲಿ ಎಂದು. ಸಪ್ಪೆ ಪಲ್ಯವನ್ನೇ ತಾಟು ಒರೆಸಿದಂತೆ ತಿಂದ. ಮರುದಿನ ಖಾರದ ಪುಡಿಯ ಡಬ್ಬಿಯನ್ನೇ ಸುರುವಿದೆ. ಕಣ್ಣು, ಮೂಗು ಎಲ್ಲದರಿಂದ ನೀರು ಸುರಿಯಿತು, ಬಾಯಿಂದ ಮಾತ್ರ ಏನೂ ಬರಲಿಲ್ಲ. ಅವನು ಹೋದ ಮೇಲೆ ಅತ್ತೆ ಎಂದಳು: "ದಾಕ್ಷಿ, ಈ ಹುಡುಗನ ಜೀವಾ ತಗೀಬ್ಯಾಡ. ಹುಟ್ಟಾ ಮೂಕನ್ನ ಒಂದ್ ವಾರದಾಗ ಹರಿಕಥಿ ದಾಸ ಮಾಡಾಕ ಆಗೂದಿಲ್ಲ."

"ಮತ್ತ ನಿನ್ನ ಕಟ್ಟುಪಾಡು ಸ್ವಲ್ಪ ಸಡಲ ಬಿಡು" ಎಂದೆ.

"ದೋಣ್ಯಾಗ ಕೋಳಿ ಮಲಗೂದು ನೋಡೀಯಿಲ್ಲೋ" ಎಂದಳು ಅತ್ತೆ. ಅವಳ ಬಳಿ ಎಲ್ಲದಕ್ಕೂ ಆ ದೋಣಿ ಒಂದೇ ಉತ್ತರ.

ಭಾನುವಾರ ನಮ್ಮ ಪಕ್ಕದ ಬಳೆ ಅಂಗಡಿಯ ಇಮಾಂಬಿಯ ಮಗನ ನಿಕಾಹ್ ಇತ್ತು. ಖಾನಾವಳಿಯ ನೆಲವನ್ನು ತಿಕ್ಕಿ ತೊಳೆದು, ಯಾವಾಗಲೂ ಮಾಡುವಂತೆ ಬೀಗದ ಕೈಯನ್ನು ಪಾನ್ ಅಂಗಡಿಯಲ್ಲಿ ಕೊಟ್ಟು, ಅತ್ತೆ ನಾನು ಇಬ್ಬರೂ ಹೋದೆವು. ಮದುಮಗಳು ಒಪ್ಪಿಗೆ ಎಂದಾಗ ಎಲ್ಲರೂ ನಕ್ಕರು, ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ನನ್ನ ಕಥೆ ಮುಗಿಯಿತು, ಇನ್ನು ಸಾಯುವ ತನಕ ಅವನು ಪಂಪಿನ ಮಾತಿನಲ್ಲಿ, ಬಣ್ಣದ ಮಾತಿನಲ್ಲಿ ನನ್ನನ್ನು ಕೇಳುತ್ತಿರುತ್ತಾನೆ, ಅತ್ತೆ ಲೆಕ್ಕಕ್ಕಿಲ್ಲ ಎನ್ನುತ್ತಿರುತ್ತಾಳೆ ಎಂದುಕೊಂಡು ಬಿಸಿಲು ಇಳಿಯುವ ಹೊತ್ತಿಗೆ ಅತ್ತೆಯ ಜೊತೆ ಮನೆಗೆ ಬಂದೆ.

ಖಾನಾವಳಿಯ ಬಾಗಿಲು ತೆರೆದಿತ್ತು. ಒಳಗೆ ಕಾಲಿಟ್ಟರೆ ನೆಲ ಮೆತ್ತಗಿತ್ತು. ಗೋಡೆಯಿಂದ ಗೋಡೆಗೆ ಕೆಂಪು ಕಾರ್ಪೆಟ್. ಟೇಬಲ್ಲಿನ ಕಾಲುಗಳ ಸುತ್ತ, ಒರಳುಕಲ್ಲಿನ ಸುತ್ತ, ಅತ್ತೆಯ ಕುರ್ಚಿಯ ಸುತ್ತ ಕೂಡ ಒಂದು ಎಳೆ ಹೆಚ್ಚಿಲ್ಲ ಕಡಿಮೆಯಿಲ್ಲ ಎಂಬಂತೆ ಕತ್ತರಿಸಿ ಕೂಡಿಸಿತ್ತು. ಮೂಲೆಯಲ್ಲಿ ಚನ್ನವೀರ ಚಾಕು ಮಡಿಚಿಕೊಂಡು ಮಂಡಿಯೂರಿ ಕೂತಿದ್ದ.

ನನಗೆ ನಿಜವಾಗಿ ಸಿಟ್ಟು ಬಂತು. ಬೆಳಗ್ಗೆ ತಿಕ್ಕಿದ ನೆಲ. "ಖಾನಾವಳ್ಯಾಗ ಯಾರರ ಕಾರ್ಪೆಟ್ ಹಾಸ್ತಾರೇನ್ರಿ? ಸಾರು ಚೆಲ್ತೈತಿ, ಎಣ್ಣಿ ಚೆಲ್ತೈತಿ. ನಾಳಿಗೆ ಮಂದಿ ಕಾಲ್ಮರಿ-ಚಪ್ಪಲಿ ಎಲ್ಲಿ ಬಿಡಬೇಕು? ತಗೀರಿ ಇದನ್ನ" ಎಂದೆ.

ಅವನು ಅಲುಗಲಿಲ್ಲ. ನೀವೇನು ತೆಗೆಯುವುದು, ನಾನೇ ಕಿತ್ತು ಎಸೆಯುತ್ತೇನೆ ಎಂದು ಬಗ್ಗಿ ಬಾಗಿಲ ಬಳಿಯ ತುದಿ ಹಿಡಿದು ಎಳೆದೆ. ಬರಲಿಲ್ಲ. ಎರಡೂ ಕೈ ಹಾಕಿ ಎಳೆದೆ. ಉಗುರು ಮುರಿಯಿತು, ಕಾರ್ಪೆಟ್ ಬರಲಿಲ್ಲ. ಆಗ ಚನ್ನವೀರ ಬಾಯಿ ತೆರೆದ. ಆ ಬಾಯಿ ತೆರೆಯಲು ಅವನು ಪಟ್ಟ ಪಾಡನ್ನು ನೋಡಿದರೆ ಯಾರಿಗಾದರೂ ಅಯ್ಯೋ ಎನಿಸುತ್ತಿತ್ತು.

"ಟೇಪ್ ಅಲ್ರಿ" ಎಂದ. ಉಗುಳು ನುಂಗಿದ. "ಅಂಟು ಹಾಕೇನಿ." ಚಾಕು ಜೇಬಿಗಿಟ್ಟು, "ತಗಿಯೂದು ನನಗೂ ಗೊತ್ತಿಲ್ಲ" ಎಂದ.

ಅತ್ತೆ ಹೊರಗೆ ನೋಡಿದಳು. ಗೇಟಿನಲ್ಲಿ ಇನ್ನೂ ಒಂದೂ ಲಾರಿ ಇರಲಿಲ್ಲ. "ಖಾಲಿ ವಾರ" ಎಂದಳು. "ಇದು ಲೆಕ್ಕಕ್ಕ ಐತಿ."

ನಾನು ಏನಾದರೂ ಹೇಳಬೇಕಿತ್ತು. ಇಬ್ಬರೂ ನನ್ನ ಬಾಯಿ ನೋಡುತ್ತಿದ್ದರು. ಅವನು ಏನೆಂದಾನು, ಹೇಗೆಂದಾನು ಎಂದೇ ಇಷ್ಟು ವರ್ಷ ಯೋಚಿಸಿದ ನಾನು, ಆಮೇಲೆ ನಾನೇನು ಹೇಳಬೇಕು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ನೀರು ಕುಡಿದು ಬರುತ್ತೇನೆ ಎಂದು ಅಡಿಗೆಮನೆಗೆ ಹೋದೆ. ಕೊಡದ ಮುಂದೆ ನಿಂತೆ, ನೀರು ಕುಡಿದೆ, ಕಣ್ಣೀರು ಹಾಕಿದೆ, ನಕ್ಕೆ, ಕನ್ನಡಿ ನೋಡಿಕೊಂಡು ಕುಂಕುಮ ಸರಿಮಾಡಿಕೊಂಡೆ. ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಹೊರಗೆ ಬಂದು, ಚನ್ನವೀರನ ಎದುರು ನಿಂತು, ತಲೆ ಎತ್ತಿ ಹೇಳಿದೆ: "ಎಷ್ಟು ಎಚ್‌ಪಿ?"

ಅಷ್ಟರಲ್ಲಿ ಎದುರಿಗೆ ಪಂಪ್‌ಸೆಟ್ ಮೇಳದ ಮೊದಲ ಲಾರಿ ಗೇಟಿನೊಳಗೆ ಹೊಕ್ಕಾಗಿತ್ತು. ಚನ್ನವೀರನ ಮುಖ ಅರಳಿತು. "ಏಳೂವರಿ ಹಾಕ್ರಿ, ಕಣ್ಣ್ ಮುಚ್ಚಿ ಹಾಕ್ರಿ" ಎಂದ. ಅತ್ತೆ ಹಣೆ ಹಣೆ ಬಡಿದುಕೊಂಡಳು. "ಅವಂದು ಲೆಕ್ಕಕ್ಕ ಐತಿ, ನಿಂದಿಲ್ಲ. ಅರ್ಧಾ ಮದುವಿ ಆತು. ಇನ್ನ ಖಾಲಿ ವಾರ ಎಲ್ಲಿಂದ ತರ್ತಿ?"

ಊರಿಗೆಲ್ಲ ಸುದ್ದಿ ಹಬ್ಬಿತು. ಅರ್ಧ ಮದುವೆಯಾದವಳನ್ನು ನೋಡಲು ಸೋಮವಾರ ಖಾನಾವಳಿ ತುಂಬಿತ್ತು. ಜನ ಚಪ್ಪಲಿ ಹೊರಗೆ ಬಿಟ್ಟು ಗುಡಿಗೆ ಬಂದವರಂತೆ ಒಳಗೆ ಬಂದರು, ಕೂತವರು ಪೈಪು, ಆಳ, ಮೋಟರಿನ ಮಾತಿಗಿಳಿದರು. ಬದನೆಯ ಎಣ್ಣೆಗಾಯಿ ಬಡಿಸುವಾಗ ಲಕ್ಷ್ಯ ತಪ್ಪಿ, ಚನ್ನವೀರನ ಟೇಬಲ್ಲಿನ ಪಕ್ಕ ಹೊಸ ಕಾರ್ಪೆಟ್ಟಿನ ಮೇಲೆ ಒಂದು ಸೌಟು ಚೆಲ್ಲಿತು. ಅವನು ನನ್ನನ್ನೇ ನೋಡುತ್ತ, ಬೋರಿನಲ್ಲಿ ನೀರಿದ್ದರೂ ಮೇಲೆ ಬಾರದಿದ್ದರೆ ಏನು ಮಾಡಬೇಕು ಎಂಬುದನ್ನು ಬಹಳ ದುಃಖದಿಂದ ವಿವರಿಸುತ್ತಿದ್ದ.

ನಾನು ಸೌಟು ಕೆಳಗಿಟ್ಟು ಅತ್ತೆಯ ಕುರ್ಚಿಯ ಮುಂದೆ ಹೋಗಿ ನಿಂತೆ. "ಅತ್ತಿ, ಮೇಳದ ವಾರದ ಮಾತು ಯಾಕ ಲೆಕ್ಕಕ್ಕಿಲ್ಲ?"

"ಅದು ಮೇಳ ಆಡೂ ಮಾತು, ಮನಷ್ಯಾ ಆಡೂದಲ್ಲ."

"ಆಡಿದ ಮಾತಿನಾಗ ಮೇಳನ ಇರಲಿಲ್ಲಂದ್ರ?"

ಅತ್ತೆಯ ತಲೆಯಲ್ಲೂ ಪಂಪು ಓಡುತ್ತಿತ್ತು, ಪಾಪ. "ಪೈಪಿನ ಬುಡಕ ಫುಟ್‌ವಾಲ್ವ್ ಯಾಕ ಹಾಕ್ತಾರ? ಏರಿದ ನೀರು ಹಿಂದಕ ಹೋಗಬಾರದಂತ. ಮಾತಿಗೂ ಹಂಗ ಇರಬೇಕು. ಎಲ್ಲಾರ ಮುಂದ ಆಡು. ಒಂದ್ ಹನಿ ಪಂಪ್ ಬಂದ್ರ ಮುಗೀತು, ಮತ್ತ ಕೇಳಬ್ಯಾಡ" ಎಂದಳು.

ಊಟಕ್ಕೆ ಕೂತವರೆಲ್ಲ ಕೈ ನಿಲ್ಲಿಸಿದರು. ಇದು ಎಷ್ಟು ಕಷ್ಟ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಉಪ್ಪು, ಸಾರು ಎನ್ನಬಹುದು. ಮನಸ್ಸಿನೊಳಗಿನ ಮಾತು ಬಾಯಿಗೆ ಬರುವಷ್ಟರಲ್ಲಿ ಮೇಳದ ವೇಷ ತೊಟ್ಟಿರುತ್ತದೆ. ನಾನು ಒಪ್ಪಿದ್ದೇನೆ ಎನ್ನಲು ಹೋದೆ, ನಾಲಿಗೆಯ ಮೇಲೆ ಕನೆಕ್ಷನ್ ಎಂದು ಬಂತು, ನುಂಗಿದೆ. ನಿಮ್ಮ ಜೊತೆ ಬಾಳುತ್ತೇನೆ ಎನ್ನಬೇಕೆಂದರೆ ವಾರಂಟಿ ಎಂದು ಬಂತು, ಅದನ್ನೂ ನುಂಗಿದೆ. ಲೋಟದ ನೀರಿನ ಕಡೆ ನೋಡಬಾರದು, ಕೊಡದ ಕಡೆ ನೋಡಬಾರದು. ಹಣೆಯ ಮೇಲೆ ಬೆವರು ಇಳಿಯಿತು, ಅದು ನಿಮಿಷಕ್ಕೆ ಎಷ್ಟು ಲೀಟರು ಎಂಬ ಯೋಚನೆ ಬಂತು. ಕಣ್ಣು ಕೆಳಗೆ ಹಾಕಿದೆ. ಅಲ್ಲಿ ಕೆಂಪು ಕಾರ್ಪೆಟ್ಟಿನ ಮೇಲೆ ಎಣ್ಣೆಗಾಯಿ ಚೆಲ್ಲಿ ಅಂಗೈ ಅಗಲದ ಕಲೆಯಾಗಿತ್ತು.

"ಈ ಕಲಿ ಹೋಗೂದಿಲ್ಲ" ಎಂದೆ. ಚನ್ನವೀರನೂ ಕಲೆಯ ಕಡೆ ನೋಡಿದ. "ಇರಲಿ" ಎಂದೆ. ಉಸಿರು ತೆಗೆದುಕೊಂಡು, ಅವನ ಮುಖ ನೋಡಿ, "ನೀವೂ ಇರ್ರಿ" ಎಂದೆ.

ಅತ್ತೆ ಕಣ್ಣು ಮುಚ್ಚಿ ಒಂದೊಂದೇ ಪದವನ್ನು ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ನೋಡುತ್ತಿದ್ದಳು. ಹಿಂದಿನ ಟೇಬಲ್ಲಿನಿಂದ ಕಸೂತಿ ಹೊಟ್ಟೆಯವನು ಎದ್ದು ತಕರಾರು ತೆಗೆದ. "ಕಲಿ ಅಂದ್ರ ಲೀಕೇಜ್ ಬಂತಲ್ರೀ ಗುರುಬಸವ್ವಾರ. ಲೀಕೇಜ್ ಬಂದ್ರ ಪಂಪ್ ಬಂದಂಗ."

ಅತ್ತೆ ಕಣ್ಣು ತೆರೆಯದೆ ಹೇಳಿದಳು: "ಅದು ಬದನಿಕಾಯಿ ಎಣ್ಣಿ. ಕುಂಡ್ರು." ಮತ್ತೆ ಸ್ವಲ್ಪ ಹೊತ್ತು ಹುಡುಕಿದಳು. ಕೊನೆಗೆ ಕಣ್ಣು ತೆರೆದು, ಜೀವನದಲ್ಲಿ ಮೊದಲ ಬಾರಿ ದೋಣಿಯ ಹೆಸರೆತ್ತದೆ, "ಪಂಪ್ ಇಲ್ಲ. ಲೆಕ್ಕಕ್ಕ ಐತಿ" ಎಂದಳು.

ಚನ್ನವೀರ ಎದ್ದು ನಿಂತ. ಅವನ ಎದೆಯೊಳಗೆ ಒಂದು ಮೇಳದಷ್ಟು ಪಂಪುಗಳು ಒಟ್ಟಿಗೆ ಚಾಲೂ ಆಗಿರುವುದು ಮುಖದಲ್ಲೇ ಕಾಣುತ್ತಿತ್ತು. "ನೀವೇನೂ ಹೇಳಬ್ಯಾಡ್ರಿ, ನಿಮ್ಮದು ನಿನ್ನೇ ಮುಗದೈತಿ" ಎಂದೆ. ಅವನು ತುಟಿ ಬಿಗಿಹಿಡಿದು ಕೂತ. ಕತ್ತಿನ ನರ ಉಬ್ಬಿದವು, ಕಿವಿ ಕೆಂಪಗಾದವು. ಅಕ್ಕಪಕ್ಕದವರು ಏಳೂವರೆಯೋ ಹತ್ತೋ ಎಂದು ವಾದಿಸುತ್ತಿದ್ದರೂ ಅವನು ಅತ್ತ ತಿರುಗಲಿಲ್ಲ. ರೊಟ್ಟಿ ಮುಗಿಸಿದ, ಎಣ್ಣೆಗಾಯಿ ಮುಗಿಸಿದ, ಅನ್ನ ಮುಗಿಸಿದ. ಆಮೇಲೆ ಖಾಲಿ ಲೋಟವನ್ನು ನನ್ನ ಕಡೆ ಸರಿಸಿ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಕೂಡಿಸಿ, ಪಂಪ್‌ಸೆಟ್ ವಾರದ ನಡು ಮಧ್ಯಾಹ್ನದಲ್ಲಿ, ಒಂದೇ ಒಂದು ಪದ ಹೇಳಿದ.

"ಮಜ್ಜಿಗಿ."

ನಾನು ಲೋಟ ತುಂಬ ಹಾಕಿದೆ.